ಎಣಿಕೆಯ ದಿನ ಊರಲ್ಲಿಲ್ಲದವರು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಊರಿನಲ್ಲಿ ಚಳಿಜ್ವರ ನಿಂತಿದೆ ಎಂಬ ತಮ್ಮ ವರದಿಯನ್ನು ಪತ್ರಿಕೆಯಲ್ಲಿ ಓದಿದೆ. ಓದುವಾಗ ಒಳಮನೆಯಲ್ಲಿ ನನ್ನ ಮಗಳು ವೀರಭದ್ರಮ್ಮ ಎರಡು ಕೌದಿ ಹೊದ್ದು ಗಡಗಡ ನಡುಗುತ್ತಿದ್ದಳು. ಎಂಟು ತಿಂಗಳ ಬಸುರಿ, ಬಾಣಂತನಕ್ಕೆಂದು ಬಂದವಳು. ತಾವು ಹೊಸದಾಗಿ ಹಂಚಿದ ಹಳದಿ ಗುಳಿಗೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದ್ದಾಳೆ. ಆದರೂ ದಿನ ಬಿಟ್ಟು ದಿನ ಜ್ವರ ಬರುತ್ತಿದೆ. ನನಗೆ ಹೆದರಿಕೆಯಾಗಿದೆ, ಅದಕ್ಕೇ ಎಲ್ಲರೂ ಓದುವಂತೆ ಅದೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ವರದಿ ಬಹಳ ಅಚ್ಚುಕಟ್ಟಾಗಿದೆ. ಗುಳಿಗೆ ಹಂಚಿದಾಗ ಊರಲ್ಲಿ ಅರವತ್ತು ಜನಕ್ಕೆ ಜ್ವರವಿತ್ತು, ತಿಂಗಳ ನಂತರ ಎಣಿಸಿದಾಗ ನಾಲ್ವರಿಗೆ ಮಾತ್ರ ಇತ್ತು, ಆದ್ದರಿಂದ ಗುಳಿಗೆ ಗೆದ್ದಿತು. ಲೆಕ್ಕ ಸುಳ್ಳಲ್ಲ. ಎಣಿಸಲು ಬಂದ ತರುಣ ಮನೆಮನೆ ತಿರುಗಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಮನೆಯಲ್ಲಿ ಇಲ್ಲದವರು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೇ?

ನಾನು ಹೇಳುತ್ತೇನೆ, ಏಕೆಂದರೆ ಬಂಡಿ ನನ್ನದು. ಕಾಲುವೆ ಬಂದು ಹೊಲಗಳೆಲ್ಲ ಗದ್ದೆಯಾದ ಮೇಲೆ ನಮ್ಮಲ್ಲಿ ಒಂದು ರೂಢಿ ಬೆಳೆದಿದೆ. ಔಷಧ ಕುಡಿದೂ ಮೂರು ಸಲ ಚಳಿ ಬಂತೆಂದರೆ, ರೋಗಿಯನ್ನು ಬಂಡಿಯಲ್ಲಿ ಮಲಗಿಸಿ ಲಿಂಗಸುಗೂರು ಕಡೆಯ ಒಣಭೂಮಿಯ ಊರುಗಳಲ್ಲಿರುವ ನೆಂಟರ ಮನೆಗೆ ಬಿಟ್ಟುಬರುತ್ತೇವೆ. ನೀರಿಲ್ಲದ ಸೀಮೆಯ ಗಾಳಿಗೆ ಜ್ವರ ಬಿಡುತ್ತದೆಂಬ ನಂಬಿಕೆ. ಗುಳಿಗೆ ಹಂಚಿದ ಆ ತಿಂಗಳು ನನ್ನ ಬಂಡಿಯೊಂದೇ ಹತ್ತೊಂಬತ್ತು ಜನರನ್ನು ಒಯ್ದಿತು. ಊರಲ್ಲಿ ಬೇರೆ ಬಂಡಿಗಳೂ ಇವೆ. ಗುಳಿಗೆ ಯಾರಿಗೆ ನಾಟಲಿಲ್ಲವೋ ಅವರೇ ಹೋದರು. ತಾವು ಉಳಿದವರನ್ನು ಎಣಿಸಿ, ಹೋದವರನ್ನು ಲೆಕ್ಕದಿಂದ ತೆಗೆದಿರಿ. ನಮ್ಮ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಯಮನೂರಮ್ಮ ಅಲ್ಲಿ ಅಕ್ಕನ ಮನೆಯಲ್ಲಿ ಪ್ರಾಣ ಬಿಟ್ಟಳು. ಎಣಿಕೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಊರಲ್ಲಿಲ್ಲ’ ಎಂದಷ್ಟೇ ಬರೆದಿದೆ.

ತಪ್ಪು ನನ್ನದೂ ಇದೆ. ಮನೆಯಲ್ಲಿ ಜ್ವರದವರುಂಟೇ ಎಂದು ಆ ತರುಣ ಕೇಳಿದಾಗ, "ನಮ್ಮ ಮನ್ಯಾಗ ಯಾರೂ ಇಲ್ರೀ" ಎಂದೆ. ನನ್ನ ತಮ್ಮ ಬಸವಂತರಾಯನನ್ನು ಹಿಂದಿನ ದಿನವಷ್ಟೇ ಒಣಭೂಮಿಗೆ ಬಿಟ್ಟುಬಂದಿದ್ದೆ. ಕೇಳಿದ್ದಕ್ಕೆ ಸರಿಯಾಗಿ ಹೇಳಿದೆನೆಂಬ ಸಮಾಧಾನದಿಂದ ಆ ತರುಣನಿಗೆ ಚಹಾ ಬೇರೆ ಕೊಡಿಸಿದೆ.

ಇನ್ನು ನಮ್ಮೂರ ಪಕ್ಕದ ನಿರಾಶ್ರಿತರ ಕ್ಯಾಂಪು. ಬಂಗಾಳದಿಂದ ಬಂದ ಆ ಜನಕ್ಕೆ ಒಣಭೂಮಿಯಲ್ಲಿ ನೆಂಟರು ಎಲ್ಲಿಂದ ಬರಬೇಕು? ಅವರ ರೋಗಿಗಳು ಅವರವರ ಗುಡಿಸಲಲ್ಲೇ ಇದ್ದರು. ಹೀಗಾಗಿ ಅಲ್ಲಿ ಎಣಿಸಿದಾಗ ಜ್ವರ ಇಳಿದಿರಲಿಲ್ಲ. ಆಗ ತಾವೇನು ಮಾಡಿದಿರಿ? ಕ್ಯಾಂಪಿನವರು ಗುಳಿಗೆ ನುಂಗದೆಯೇ ನುಂಗಿದೆವೆಂದು ಸುಳ್ಳು ಹೇಳಿದ್ದಾರೆಂದು ಬರೆದು, ಅವರ ಲೆಕ್ಕವನ್ನೇ ಕೈಬಿಟ್ಟಿರಿ. ಅವರು ನುಂಗಿಲ್ಲವೆಂದು ತಮಗೆ ಹೇಳಿದವರು ಯಾರು? ಬೇಕಾದ ಉತ್ತರ ಕೊಟ್ಟ ನಾವು ಸತ್ಯವಂತರು, ಕೊಡದವರು ಸುಳ್ಳರು. ವರದಿಯ ಕೊನೆಗೆ, ಜೀಪು ಒದಗಿಸಿದ್ದಕ್ಕಾಗಿ ಗುಳಿಗೆ ತಯಾರಿಸುವವರಿಗೆ ವಂದನೆ ಅರ್ಪಿಸಿದ್ದೀರಿ. ಅವರ ಜೀಪಿನಲ್ಲಿ ಕುಳಿತು ಅವರ ಗುಳಿಗೆಯ ದೋಷ ಹುಡುಕುವುದು ಕಷ್ಟವೇ ಬಿಡಿ.

ನಿನ್ನೆ ದವಾಖಾನೆಗೆ ಹೋಗಿ ಈ ಗುಳಿಗೆ ಬರುವ ಮೊದಲು ಜ್ವರಕ್ಕೆ ಕೊಡುತ್ತಿದ್ದ ಕಹಿ ಔಷಧ ಕೇಳಿದೆ. ಕಂಪೌಂಡರ್ ಲಾಲ್‌ಸಾಬ್ ಹಳೆಯ ಪರಿಚಯದವನು, ಆದರೂ ತಲೆ ಎತ್ತಲಿಲ್ಲ. "ಹಳೇ ಔಷಧ ವಾಪಸ್ ಹೋಗ್ಯಾವ್ರೀ ಗೌಡ್ರ. ನಿಮ್ಮೂರಾಗ ಜ್ವರಾನ ಇಲ್ಲಂತ ಕಾಗದದಾಗ ಐತಿ. ನಾ ಏನ್ ಕೊಡ್ಲಿ?" ಎಂದ.

ಮಗಳನ್ನು ಬಂಡಿ ಹತ್ತಿಸೋಣವೆಂದರೆ, ಕುಲುಕಾಟಕ್ಕೆ ನೋವು ಬಂದೀತೆಂದು ಸೂಲಗಿತ್ತಿ ಬೇಡವೆಂದಳು. "ಇಲ್ಲೇ ಇಟ್ರ ಜ್ವರ, ಒಯ್ದ್ರ ಹಾದ್ಯಾಗ ಹೆರಿಗಿ. ಯಾವ್ದಕ್ಕಂತ ಹೆದರ್ಲಿ?" ಎಂದು ನನ್ನ ಹೆಂಡತಿ ಕೇಳುತ್ತಾಳೆ.

ಹಳೆಯ ಔಷಧವನ್ನು ತಕ್ಷಣ ದವಾಖಾನೆಗೆ ಮರಳಿಸಬೇಕು. ಆಮೇಲೆ ಗುಳಿಗೆಯ ಮಾರಾಟದಿಂದ ಲಾಭವಿಲ್ಲದ ಯಾರನ್ನಾದರೂ ಕಳಿಸಿ ಮತ್ತೆ ಎಣಿಸಿ. ನುಂಗಿದ ಪ್ರತಿಯೊಬ್ಬರನ್ನೂ, ಎಲ್ಲಿದ್ದರೂ, ಬದುಕಿದ್ದರೂ ಸತ್ತಿದ್ದರೂ ಎಣಿಸಿ. ಗುಳಿಗೆ ಒಳ್ಳೆಯದೆಂದೇ ತಿಳಿದುಬಂದರೆ ಚಾವಡಿಯಲ್ಲಿ ನಿಂತು ತಪ್ಪೊಪ್ಪಿಕೊಳ್ಳುತ್ತೇನೆ. ಆದರೆ ನನ್ನ ಮಗಳಿಗೆ ನಾಳೆ ಮಧ್ಯಾಹ್ನ ಮತ್ತೆ ಚಳಿ ಬರುವ ಸರದಿ. ಇವತ್ತು ಬೆಳಿಗ್ಗೆ ಅವಳು, "ಯಪ್ಪಾ, ಹೊಟ್ಟ್ಯಾಗಿನ ಕೂಸಿಗೂ ಚಳಿ ಹತ್ತತೈತೇನು?" ಎಂದು ಕೇಳಿದಳು. ನನಗೆ ಗೊತ್ತಿಲ್ಲ. ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಇಂತಿ,
ತಮ್ಮ ಕಾಗದದ ಪ್ರಕಾರ ಜ್ವರವಿಲ್ಲದ ಮನೆಯ ಯಜಮಾನ,
ದೊಡ್ಡಬಸಪ್ಪ
ಸಿಂಧನೂರು ತಾಲ್ಲೂಕು, ೧೯೭೪