ಕನ್ಫರ್ಮ್ ಆಗದ ಟ್ರಿಪ್

ಮಾರ್ಚ್ 3, ಸೋಮವಾರ

ಬೆಳಗಿನ ವ್ಯಾನುಗಳು ಹೊರಟವು. ಒಂದರ ವೀಲ್‌ಚೇರ್ ಬೆಲ್ಟು ಸಡಿಲ. ಡ್ರೈವರ್ ಬೀರೇಶಣ್ಣ ಬೈದುಕೊಂಡೇ ಬಿಗಿದರು.

ಇವತ್ತಿನಿಂದ ಹೊಸ ಆ್ಯಪ್. ಡಯಾಲಿಸಿಸ್‌ಗೆ ಯಾರನ್ನು, ಎಲ್ಲಿಂದ, ಯಾವ ವ್ಯಾನಿನಲ್ಲಿ — ಎಲ್ಲ ಅದೇ ನಿರ್ಧರಿಸುತ್ತದಂತೆ. ವಾಗೀಶನಿಗೆ ಖುಷಿಯೋ ಖುಷಿ. ಕಾಲೇಜಿನಲ್ಲೂ ಹೀಗೇ, ಹೊಸದು ಸಿಕ್ಕರೆ ಊಟ ಮರೆಯುತ್ತಿದ್ದ.

“ಇನ್ಮೇಲೆ ಇಲ್ಲಿ ಬಾಸ್ ಅಂತ ಯಾರೂ ಇಲ್ಲ ಕಣೇ ಅಕ್ಷತಾ. ಸ್ಕ್ರೀನ್ ನೋಡು, ಕೆಲಸ ಮಾಡು.”

ಕಂಪನಿ ಅವನದು. ಆಪರೇಶನ್ಸ್ ನನ್ನದು. ನಿನ್ನೆಯವರೆಗಂತೂ...

ಮಾರ್ಚ್ 6, ಗುರುವಾರ

ಫೋನ್ ಡೆಸ್ಕ್ ಮುಚ್ಚಿದೆವು. ಹಿಂದಿನ ದಿನವೇ ಮನೆಮನೆಗೆ ಕರೆ ಮಾಡಿ ವಿಚಾರಿಸುತ್ತಿದ್ದ ಪ್ರಭುಸ್ವಾಮಿಯವರಿಗೆ ಈಗ ಸೇಲ್ಸ್. ಇನ್ನು ಮೆಸೇಜ್ ಹೋಗುತ್ತದೆ, ಮನೆಯವರು ಕನ್ಫರ್ಮ್ ಒತ್ತಬೇಕು.

“ಒತ್ತದಿದ್ರೆ?”

“ಕ್ಯಾನ್ಸಲ್. ವ್ಯಾನ್ ಬೇರೆಯವ್ರಿಗೆ ಹೋಗುತ್ತೆ.”

ಜಗಳವಾಡಿದೆ. ಆ್ಯಪಿನ ಬೋರ್ಡಲ್ಲಿ ಬರಿ ಅಂದ. ಬರೆದೆ. ಎದುರಿಗೇ ಕೂತಿದ್ದಾನೆ, ತೆರೆದೂ ನೋಡಿಲ್ಲ.

ಮಾರ್ಚ್ 18, ಮಂಗಳವಾರ, ಸಂಜೆ

ಆಸ್ಪತ್ರೆಯಿಂದ ಈಗ ಬಂದೆ.

ಕೆಸರೆಯ ತಿಮ್ಮಮ್ಮನವರ ಇವತ್ತಿನ ಡಯಾಲಿಸಿಸ್ ಟ್ರಿಪ್ ತಾನಾಗಿಯೇ ಕ್ಯಾನ್ಸಲ್ ಆಗಿತ್ತು. ಮಗಳು ಸುಮಾಳ ಮೊಬೈಲು ರಿಪೇರಿಯಲ್ಲಿ. ಒತ್ತುವವರು ಯಾರು? ಬೋರ್ಡಿನಲ್ಲಿ ಕೆಂಪು ಗುರುತು ಎಲ್ಲರಿಗೂ ಕಂಡಿದೆ. ತನ್ನ ಕೆಲಸವಲ್ಲ ಅಂತ ಪ್ರಭುಸ್ವಾಮಿ ಸುಮ್ಮನಾದರು. ವಾಗೀಶ ನೋಡಿರುತ್ತಾನೆ ಅಂತ ನಾನು. ಆ್ಯಪ್ ಇದೆಯಲ್ಲ ಅಂತ ವಾಗೀಶ.

ಮಧ್ಯಾಹ್ನ ಪಕ್ಕದ ಮನೆಯ ಫೋನಿನಿಂದ ಸುಮಾ, ಪ್ರಭುಸ್ವಾಮಿಯವರ ಸ್ವಂತ ನಂಬರಿಗೆ — “ಅವ್ವಂಗೆ ಉಸ್ರು ಸಿಗ್ತಿಲ್ಲ ಕಣ್ರೀ, ವ್ಯಾನ್ ಎಲ್ಲಿ?”

ಬೀರೇಶಣ್ಣನ ಜೊತೆ ನಾನೇ ಓಡಿದೆ. ದಾರಿಯುದ್ದಕ್ಕೂ ಆ ಅಜ್ಜಿ ನನ್ನ ದುಪಟ್ಟಾ ಬಿಡಲಿಲ್ಲ. ಈಗ ಐಸಿಯುನಲ್ಲಿದ್ದಾರೆ.

ಮಾರ್ಚ್ 19, ಬುಧವಾರ

“ಅವರೇ ಕನ್ಫರ್ಮ್ ಮಾಡಿಲ್ಲ ಅಂತ ಮೇಲ್ ಹಾಕು. ಇನ್ವೆಸ್ಟರ್ಸ್ ಕೇಳ್ತಾರೆ,” ಎಂದ ವಾಗೀಶ.

ಟೈಪ್ ಮಾಡಿದೆ. ಅಳಿಸಿದೆ. ಅಷ್ಟರಲ್ಲಿ ಸುಮಾನೇ ನಜರ್‌ಬಾದಿನ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಳು.

“ನೀವು ಬಟನ್ ಒತ್ತಿರ್ಲಿಲ್ಲ ಮೇಡಂ,” ಎಂದ ವಾಗೀಶ.

“ಬೆಳಗ್ಗೆಯಿಂದ ಸೀರೆ ಉಟ್ಕಂಡು ಜಗ್ಲಿ ಮೇಲೆ ಕೂತಿತ್ತು ನಮ್ಮವ್ವ. ಇನ್ನೆಂಗೆ ಕನ್ಫರ್ಮ್ ಮಾಡ್ಬೇಕಿತ್ತು?”

ವಾಗೀಶ ಸ್ಕ್ರೀನಿನ ಕಡೆ ತಿರುಗಿದ.

“ಇಲ್ಲಿ ಯಾರನ್ನ ಕೇಳ್ಬೇಕು? ಅದನ್ನಾದ್ರೂ ಹೇಳಿ.”

ಎದ್ದು ನಿಂತೆ. “ನನ್ನ ಕೇಳಿ ಸುಮಾ. ತಪ್ಪು ನಮ್ದೇ.”

ವಾಗೀಶ ಲ್ಯಾಪ್‌ಟಾಪ್ ಮುಚ್ಚಿ ಹೊರಟುಹೋದ.

ಮಾರ್ಚ್ 21, ಶುಕ್ರವಾರ

ಲಾಗಿನ್ ಆಗುತ್ತಿಲ್ಲ. ಆಫೀಸ್ ಗ್ರೂಪಿನಿಂದಲೂ ವಾಗೀಶ ನನ್ನನ್ನು ತೆಗೆದಿದ್ದಾನೆ. ಒಂದು ಮಾತಿಲ್ಲ, ಕತೆಯಿಲ್ಲ. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಬೀರೇಶಣ್ಣನ ಫೋನು. “ತಿಮ್ಮಮ್ಮೋರ್ನ ಮನೆಗ್ ಕಳ್ಸವ್ರೆ ಮೇಡಂ. ನಾಳೆ ಡಯಾಲಿಸಿಸ್ಸು. ಆ್ಯಪಲ್ಲಿ ಟ್ರಿಪ್ಪೇ ಇಲ್ಲ. ಎಂಗ್ ಮಾಡ್ಲಿ?”

ಹೋಗಿ ಅನ್ನುವ ಅಧಿಕಾರ ನನಗಿಲ್ಲ. ಹೋದರೆ ಅವರ ಕೆಲಸಕ್ಕೂ ಕುತ್ತು. ಅದನ್ನೇ ಹೇಳಿದೆ.

“ಅದ್ ಬುಡಿ. ನೀವ್ ಬತ್ತೀರಾ?”

“ಬರ್ತೀನಿ.”

ಮಾರ್ಚ್ 22, ಶನಿವಾರ, ವ್ಯಾನಿನಲ್ಲಿ

ಕೆಸರೆ ತಲುಪುವ ಮೊದಲೇ ವಾಗೀಶನ ಕರೆ. ವ್ಯಾನು ಎಲ್ಲಿದೆಯೆಂದು ಅವನ ಸ್ಕ್ರೀನಿನಲ್ಲಿ ಕಾಣುತ್ತದೆ.

“ಬೀರೇಶನ ಗಾಡಿ ಅಲ್ಲೇನ್ ಮಾಡ್ತಿದೆ? ನೀನೂ ಇದ್ದೀಯಾ?”

“ತಿಮ್ಮಮ್ಮನವರನ್ನ ಕರ್ಕೊಂಡ್ ಬರೋಕೆ ಹೋಗ್ತಿದೀವಿ. ನಿಲ್ಸೋದಾದ್ರೆ ನೀನೇ ಬಂದು ನಿಲ್ಸು.”

ಬೈಯುತ್ತಾನೆ ಅಂದುಕೊಂಡೆ. ಬದಲಿಗೆ ಮೆಲ್ಲಗೆ — “ಹೇಗಿದ್ದಾರೆ ಅವರು?”

ಇಷ್ಟು ದಿನಕ್ಕೆ ಮೊದಲ ಸಲ ಕೇಳಿದ.

“ಬಂದು ನೋಡು,” ಅಂದೆ. ಬರ್ತೀನಿ ಅನ್ನಲಿಲ್ಲ. ಬರಲ್ಲ ಅಂತಲೂ ಅನ್ನಲಿಲ್ಲ.

ಬೀರೇಶಣ್ಣ ಹಿಂದಿನ ಬಾಗಿಲು ತೆಗೆಯುತ್ತಿದ್ದಾರೆ. ಸುಮಾ ಒಬ್ಬಳೇ ಅಮ್ಮನನ್ನು ಹಿಡಿದು ಬರುತ್ತಿದ್ದಾಳೆ, ನಾನೂ ಇಳಿದು ಒಂದು ಕೈ ಕೊಡಬೇಕು. ಉಳಿದದ್ದು ಆಮೇಲೆ —