ಒಂಟಿಗೊಂದು ಜೋಡಿ

ಮಂಗಳವಾರ, ನವೆಂಬರ್ ೧೨

ಮಾನ್ಯ ಅಧ್ಯಕ್ಷರಾದ ಟೇಬಲ್ ಲ್ಯಾಂಪಿನವರೇ, ಮುಖ್ಯ ಅತಿಥಿಗಳಾದ ಆರಿದ ಚಹಾದವರೇ, ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿರುವ ಈ ಬಡಪಾಯಿಯ ಎರಡು ಮಾತು ಕೇಳಬೇಕು.

ಎರಡು ಬೆಸಸಂಖ್ಯೆ ಕೂಡಿದರೆ ಸಮಸಂಖ್ಯೆ ಬರುತ್ತದೆಂದು ಸಾಧಿಸಿ ಅಂತ ಕಿರುಪರೀಕ್ಷೆಯಲ್ಲಿ ಕೇಳಿದ್ದೆ. ಎಲ್ಲರೂ ನಾನು ಬೋರ್ಡಿನ ಮೇಲೆ ಬರೆದದ್ದನ್ನೇ ಇಳಿಸಿದ್ದರು. ಕೊನೆ ಬೆಂಚಿನ ಹುಡುಗಿ ಮಾತ್ರ ಒಂದೂ ಚಿಹ್ನೆಯಿಲ್ಲದೆ ಬರೆದಿದ್ದಳು: 'ಬೆಸಸಂಖ್ಯೆಯನ್ನು ಜೋಡಿ ಜೋಡಿಯಾಗಿ ನಿಲ್ಲಿಸಿದರೆ ಒಂದು ಒಂಟಿಯಾಗಿ ಉಳಿಯುತ್ತದೆ. ಎರಡೂ ಕಡೆಯ ಒಂಟಿಗಳು ಸೇರಿದರೆ ಅವೂ ಒಂದು ಜೋಡಿ. ಇನ್ನು ಯಾರೂ ಒಂಟಿಯಲ್ಲ.'

ತರಗತಿಯಲ್ಲಿ ಅದನ್ನು ರಾಗವಾಗಿ ಓದಿದೆ. "ಸಾಧನೆ ಕೇಳಿದ್ರೆ ಸಂಸಾರದ ವೇದನೆ ಬರೆದಿದ್ದೀಯಲ್ಲಮ್ಮಾ!" ಅಂತ ಪ್ರಾಸ ಬೇರೆ. ಬೆಂಚು ಗುದ್ದಿ ನಕ್ಕರು. ಸೊನ್ನೆ ಹಾಕಿದೆ.

ಸಂಜೆ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವ ಅರ್ಜಿ. ನನ್ನ ಸಹಿ ಬೇಕಂತೆ.

"ಯಾಕಮ್ಮಾ?"

"ನನ್ನ ತಲೆಗೆ ಇದು ಹತ್ತಲ್ಲ ಸರ್. ತಪ್ಪೆಲ್ಲಿದೆ ಅಂತಾನೂ ಗೊತ್ತಾಗ್ತಿಲ್ಲ."

"ಇಲ್ಲಿಟ್ಟು ಹೋಗು, ನಾಳೆ ನೋಡೋಣ" ಎಂದೆ.

ಅರ್ಜಿ ಈಗ ನನ್ನ ಮುಂದಿದೆ. ಚಿಹ್ನೆಯಿಲ್ಲ, ಆದ್ದರಿಂದ ಗಣಿತದ ಭಾಷೆಯಲ್ಲ, ಆದ್ದರಿಂದ ಸೊನ್ನೆಯೇ ನ್ಯಾಯ ಎಂದು ತಮ್ಮೆದುರು ವಾದಿಸೋಣವೆಂದು ಕೂತೆ. ಆ 'ಆದ್ದರಿಂದ'ಗಳು ಒಂದಕ್ಕೊಂದು ಅಂಟಲೊಲ್ಲವು.

ಸಭೆ ಸಾಕು. ಅವಳ ಉತ್ತರದಲ್ಲಿ ತಪ್ಪಿಲ್ಲ. ಓದುತ್ತಿದ್ದಾಗ ಎರಡನೇ ಸಾಲಿಗೇ ನನಗದು ಗೊತ್ತಾಗಿತ್ತು. ಆದರೆ ಅಷ್ಟರಲ್ಲಿ ಎಲ್ಲರೂ ನಗುತ್ತಿದ್ದರು. ನನ್ನ ಪಾಠದಲ್ಲಿ ಯಾರಾದರೂ ತಲೆಯೆತ್ತಿ ನೋಡಿ ಎಷ್ಟು ದಿನವಾಗಿತ್ತು.