ಒಂಬತ್ತನೇ ಹೋಲ್‌ನ ಅಳತೆ

ಜನವರಿ 4, ಭಾನುವಾರ

ಎಣ್ಣೆ ಡ್ರಮ್ ಎರಡು ಬಂದವು. ಕ್ಲಬ್ಬಿನ ಆಳು ಗಿಡ್ಡಪ್ಪ ಮರಳು ಜರಡಿ ಹಿಡಿದಿಟ್ಟಿದ್ದ. ಮೂರು ಬ್ರೌನ್ ಕಲಸಿ ಮುಗಿಸಿದೆವು. ಪ್ಯಾಂಟ್ ಹೋಯಿತು. ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಈ ಅವತಾರದಲ್ಲಿ ಮನೆಗೆ ಹೋದರೆ ರೂಪಶ್ರೀ ಬಾಗಿಲಲ್ಲೇ ನಿಲ್ಲಿಸುತ್ತಾಳೆ. ನಿಲ್ಲಿಸಿದಳು. ಹಿತ್ತಲಲ್ಲಿ ಸ್ನಾನ.

ಕ್ಲಬ್ ಬೋರ್ಡಿನಲ್ಲಿ ನನ್ನ ಹೆಸರು — ಕೊಟ್ಟೂರೇಶ್, ಗ್ರೀನ್ ಕಮಿಟಿ ಚೇರ್ಮನ್. ಗುತ್ತೂರಿನ ಈ ಗಾಲ್ಫ್ ಕೋರ್ಸಿನಲ್ಲಿ ಹುಡುಕಿದರೂ ಒಂದು ಹಿಡಿ ಹಸಿರಿಲ್ಲ. ದೊಡ್ಡ ಊರುಗಳಲ್ಲಿ ಬಾಲ್ ಬೀಳಿಸುವ ಹೋಲ್ ಸುತ್ತ ಹುಲ್ಲು, ಅದು ಗ್ರೀನ್. ನಮ್ಮಲ್ಲಿ ಮರಳು, ಸುಟ್ಟ ಎಂಜಿನ್ ಎಣ್ಣೆ. ಅದಕ್ಕೇ ಬ್ರೌನ್. ಆಡಿದವರು ಗೋಣಿ ಎಳೆದು ತಮ್ಮ ಹೆಜ್ಜೆ ಅಳಿಸಿ ಹೋಗಬೇಕು, ಅದು ಪದ್ಧತಿ. ಎಳೆಯದೆ ಹೋಗುವವರು ಯಾರ‍್ಯಾರು ಅಂತ ನನಗೆ ಗೊತ್ತು.

ಫೆಬ್ರವರಿ 8ಕ್ಕೆ ಟೂರ್ನಮೆಂಟ್. ಗೆದ್ದವರು ಮೈಸೂರಿಗೆ, ಸ್ಟೇಟ್ ಓಪನ್ ಆಡೋಕೆ. ನಮ್ಮ ಕ್ಲಬ್ಬಿಗೆ ಒಂದೇ ಸೀಟು. ರಶ್ಮಿತಾ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದ್ದಾಳೆ. ಬಿ.ಕಾಂ. ಪರೀಕ್ಷೆ ಯಾವತ್ತಮ್ಮಾ ಅಂದರೆ ಗೊತ್ತಿಲ್ಲ ಮಗಳಿಗೆ.

ಜನವರಿ 9, ಶುಕ್ರವಾರ. ಸಂಜೆ

ಮೀಟಿಂಗ್. ರೈಸ್ ಮಿಲ್ ಮಲ್ಲೇಶಪ್ಪನವರು ಈಗ ಪ್ರೆಸಿಡೆಂಟ್. ಹೋದ ವರ್ಷ ಮಾನ ಹೋದ ಕಥೆ ತೆಗೆದರು. ಸುಳ್ಳಲ್ಲ. ಹನುಮೇಶ್ ಮೊದಲ ಸುತ್ತಿನಲ್ಲೇ ಎಲ್ಲರನ್ನೂ ಹಿಂದೆ ಹಾಕಿದ. ಗುತ್ತೂರಿನ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಹುಡುಗ, ತೋಳು ಹಾಗಿದೆ. ಎರಡನೇ ಸುತ್ತು ನೋಡೋಕೆ ನಾಯಿಯೂ ಇರಲಿಲ್ಲ. ಕಪ್ ಕೊಡಲು ಕರೆಸಿದ ಅತಿಥಿಗಳು ಮಂಡಕ್ಕಿ ಮೆಣಸಿನಕಾಯಿ ತಿಂದು ಕಾರು ಹತ್ತಿದರು. ಕಪ್ ನಾನೇ ಕೊಟ್ಟೆ.

ಈ ಸಲ ಜನ ಕೊನೆ ತನಕ ನಿಲ್ಲಬೇಕು, ಏನು ಮಾಡೋಣ? ಒಬ್ಬರು ಆರ್ಕೆಸ್ಟ್ರಾ ಅಂದರು. ಇನ್ನೊಬ್ಬರು ದೊಡ್ಡ ಶಾಮಿಯಾನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆಟವೇ ಸಪ್ಪೆ ಇದ್ದರೆ ಶಾಮಿಯಾನ ಏನು ಮಾಡುತ್ತೆ ಅಂತ ಬಾಯಿ ಬಿಟ್ಟೆ. ಮೂವತ್ತು ವರ್ಷದಿಂದ ಹೋಲ್ ಬ್ರೌನಿನ ನಟ್ಟನಡುವೆ. ಪೈಪಿಗೆ ಸಿಮೆಂಟ್ ಹಾಕಿ ದೇವರನ್ನು ಕೂರಿಸಿದ ಹಾಗೆ ಕೂರಿಸಿದ್ದಾರೆ. ಬಾಲ್ ಹೊಡೆಯುವ ಟೀ ಕಲ್ಲೂ ಅಲ್ಲಾಡಿಲ್ಲ. ಎಲ್ಲರಿಗೂ ಅದೇ ಹೊಡೆತ, ಯೋಚನೆ ಬೇಕಿಲ್ಲ. ತೋಳು ಇದ್ದವನು ಗೆಲ್ಲುತ್ತಾನೆ.

ಹೇಳಿದೆ: "ಹಿಂದ ಬಿದ್ದೋನಿಗೆ ದಾರಿ ಇರಬೇಕ್ರಿ. ಮುಂದಿದ್ದೋನಿಗೆ ಆಸೆ ಇರಬೇಕು. ಕೊನೇ ಹೋಲ್‌ನಾಗೆ ಎರಡೂ ಇಡ್ತೀನಿ."

ಮಲ್ಲೇಶಪ್ಪನವರು ಒಪ್ಪಿದರು. ಆದರೆ ಮಗಳೂ ಆಡುತ್ತಾಳೆ, ನಾಳೆ ಯಾರೂ ಬೆರಳು ತೋರಿಸಬಾರದು ಅಂದರು. ಮನೆಯಲ್ಲಿ ಒಂದು ಅಕ್ಷರ ಆಡಲ್ಲ ಅಂತ ಮಾತು ಕೊಟ್ಟು ಬಂದೆ.

ಜನವರಿ 17, ಶನಿವಾರ

ಎಲ್ಲ ಹೋಲ್‌ಗಳ ಸಿಮೆಂಟ್ ಒಡೆದಾಯಿತು. ಗಿಡ್ಡಪ್ಪ ಹಾರೆ ಹಾಕುವ ಮುಂಚೆ ಕೈ ಮುಗಿದ. ತಮಾಷೆಗಲ್ಲ, ನಿಜವಾಗಿ ಮುಗಿದ.

ಕೊನೆಯದು, ಒಂಬತ್ತನೇ ಹೋಲ್, ನಮ್ಮ ಕೋರ್ಸಿನ ಚೆಲುವು. ಯಾರಿಗೂ ಗೊತ್ತೇ ಇರಲಿಲ್ಲ, ಅಷ್ಟೆ. ಟೀಗೂ ಬ್ರೌನಿಗೂ ನಡುವೆ ಅಡ್ಡಲಾಗಿ ಭದ್ರಾ ನಾಲೆ. ಈಗ ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದಾರೆ, ದಡ ಮುಟ್ಟಿದೆ. ಹಳೇ ಟೀ ಅಷ್ಟು ಹಿಂದೆ ಇದ್ದದ್ದರಿಂದ ಎಲ್ಲರೂ ಬಲಕ್ಕೆ ಸೇತುವೆ ಕಡೆ ಹೊಡೆದು, ಆಮೇಲೆ ಬ್ರೌನಿಗೆ ಹೊಡೆಯುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನನ್ನ ಪ್ಲಾನ್: ಮೊದಲ ಸುತ್ತು ಹಳೇ ಟೀಯಿಂದಲೇ. ಊಟಕ್ಕೆ ಬಿಟ್ಟಾಗ ಟೀ ಕಲ್ಲು ಮುಂದಕ್ಕೆ. ಹೋಲ್ ಎಡಕ್ಕೆ, ನಾಲೆ ಕಡೆಗೆ. ಆಗ ನೇರವಾಗಿ ಒಂದೇ ಹೊಡೆತಕ್ಕೆ ಬ್ರೌನ್ ಮುಟ್ಟಬಹುದು. ಹೊಡೆತ ಚೆನ್ನಾಗಿ ಕೂತರೆ ದಾಟಬೇಕು, ಕೂದಲೆಳೆ ಜಾರಿದರೂ ನೀರು. ಬೇಡ ಅನ್ನುವವರಿಗೆ ಸೇತುವೆ ದಾರಿ ಇದ್ದೇ ಇದೆ, ಒಂದು ಹೊಡೆತ ಜಾಸ್ತಿ. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲೋದು.

ಕಲ್ಲು ಎಲ್ಲಿಡಬೇಕು ಅಂತ ಗಂಟೆಗಟ್ಟಲೆ ಓಡಾಡಿದೆ. ಟೇಪ್ ಹಿಡಿಯಲಿಲ್ಲ. ಬಟ್ಟೆ ಹರಿದು ಹರಿದು ಕಣ್ಣಳತೆ ಬಂದಿದೆ. ಒಂದು ಒಳ್ಳೆ ಹೊಡೆತ ಇಲ್ಲಿಂದ ಎದ್ದರೆ ಎಲ್ಲಿ ಬೀಳುತ್ತೆ ಅಂತ ಕಣ್ಣು ಮುಚ್ಚಿದರೂ ಕಾಣುತ್ತೆ. ಗೂಟ ಹೊಡೆದು ಮೇಲೆ ಮಣ್ಣು ಮುಚ್ಚಿಸಿದೆ.

ಖುಷಿ ಆಯಿತು. ಬರೆದುಕೊಳ್ಳುತ್ತೇನೆ, ಯಾರು ಓದುತ್ತಾರೆ... ಬಹಳ ಖುಷಿ ಆಯಿತು.

ಜನವರಿ 25, ಭಾನುವಾರ

ಕೋರ್ಸ್ ಬಂದ್ ಮಾಡಿಸಿದ್ದೇನೆ, ಒಂಬತ್ತನೇದು ಮಾತ್ರ. ರಶ್ಮಿತಾಗೆ ಸಿಟ್ಟು. ಊಟಕ್ಕೆ ಕೂತಾಗ ಕೇಳಿದಳು, ಅಲ್ಲೇನು ಮಾಡ್ತಿದೀರಿ ಅಂತ. ರೊಟ್ಟಿ ಚೆನ್ನಾಗಿದೆ ಅಂದೆ. ಇನ್ನೊಮ್ಮೆ ಕೇಳಿದಳು. ಪಲ್ಯನೂ ಚೆನ್ನಾಗಿದೆ ಅಂದೆ. ಎದ್ದು ಹೋದಳು.

ಹನುಮೇಶನಿಗೆ ಹೇಳಿದೀರೇನು ಅಂತ ರೂಪಶ್ರೀ. ಇಲ್ಲ. ಮತ್ತೆ ಮಗಳಿಗೆ ಹೇಳೋಕೆ ಏನು? ಅದೇ, ಹನುಮೇಶನಿಗೆ ಹೇಳಿಲ್ಲವಲ್ಲ. ಇವಳಿಗೆ ಈ ಲೆಕ್ಕ ಹಿಡಿಸಲಿಲ್ಲ.

ಏಳು ವರ್ಷದಿಂದ ದಿನಾ ಬೆಳಿಗ್ಗೆ ಎಂ.ಸಿ.ಸಿ. ಬಡಾವಣೆಯಿಂದ ಗುತ್ತೂರಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದೇನೆ. ಅವಳು ಹೊಡೆಯುತ್ತಾಳೆ, ನಾನು ನಿಂತು ನೋಡುತ್ತೇನೆ. ಗೆಲ್ಲಲಿ ಅಂತ ನನಗೆ ಆಸೆ ಇಲ್ಲವೇ? ಇದೆ. ಅವಳಿಗಿಂತ ಜಾಸ್ತಿ ಇದೆ.

ಫೆಬ್ರವರಿ 8, ಭಾನುವಾರ. ಮಧ್ಯಾಹ್ನ ಊಟದ ಹೊತ್ತು

ಮೊದಲ ಸುತ್ತು ಮುಗಿಯಿತು. ರಶ್ಮಿತಾ, ಹನುಮೇಶ್ ಸಮ ಸಮ. ಉಳಿದ ಹೋಲ್‌ಗಳನ್ನೆಲ್ಲ ಮೂಲೆಗೆ ಸರಿಸಿದ್ದು ಕೆಲಸ ಮಾಡಿತು. ಹನುಮೇಶನ ಜೋರು ಅಲ್ಲಿ ನಡೆಯಲಿಲ್ಲ, ಇವಳ ತಾಳ್ಮೆ ನಡೆಯಿತು. ಜನ ಇದ್ದಾರೆ! ಹರಿಹರದಿಂದಲೂ ಬಂದಿದ್ದಾರೆ. ಆರ್ಕೆಸ್ಟ್ರಾ ಇಲ್ಲ.

ಈಗ ನಾನೂ ಗಿಡ್ಡಪ್ಪನೂ ಹೋಗಿ ಒಂಬತ್ತನೇದರ ಕಲ್ಲು ಮುಂದಕ್ಕೆ, ಹೋಲ್ ಎಡಕ್ಕೆ ಇಟ್ಟು ಬಂದೆವು. ಮೈಕಿನಲ್ಲಿ ಹೇಳಿಸಿದೆ, ಎಲ್ಲರಿಗೂ ಒಟ್ಟಿಗೆ. ಕೈ ಒರೆಸಿಕೊಂಡು ಬರೆಯುತ್ತಿದ್ದೇನೆ, ಮೊಸರನ್ನ ತಣ್ಣಗಾಗುತ್ತಿದೆ.

ಅದೇ ದಿನ, ಮೂರೂವರೆ

ಒಂಬತ್ತನೇ ಟೀ ಪಕ್ಕ ಬೇವಿನ ಮರದ ಕೆಳಗೆ ಕೂತಿದ್ದೇನೆ. ಏನೋ ಸರಿ ಇಲ್ಲ.

ಮಲ್ಲೇಶಪ್ಪನವರ ಗುಂಪು ಬಂತು. ಯಜಮಾನರೆಲ್ಲ ಯೋಚನೆಯನ್ನೇ ಮಾಡದೆ ಬಲಕ್ಕೆ ಹೊಡೆದರು. ಅವರ ಬಾಲ್ ನಾಲೆ ದಾಟಬೇಕಾದರೆ ಬಸ್ಸು ಹತ್ತಬೇಕು. ಹಿಂದೆ ಫ್ಯಾಕ್ಟರಿ ಹುಡುಗರು ಬಂದರು. ಅವರೂ ಯೋಚಿಸಲಿಲ್ಲ, ಸಲೀಸಾಗಿ ಆಚೆ ದಾಟಿಸಿದರು. ಟೀ ಮೇಲೆ ನಿಂತು ತಲೆ ಕೆರೆದುಕೊಂಡವರು ಒಬ್ಬರೂ ಇಲ್ಲ.

ಹಾಗಾದರೆ ಆಸೆ ಯಾರಿಗೆ ಇಟ್ಟೆ? ಕೂದಲೆಳೆ ಜಾರಿದರೆ ನೀರು ಅಂದೆನಲ್ಲ, ಅದು ಯಾರ ಕೂದಲೆಳೆ?

ಒಳ್ಳೆ ಹೊಡೆತ ಅಂದರೆ ನನ್ನ ತಲೆಯಲ್ಲಿ ಇರುವುದು ಒಂದೇ. ಏಳು ವರ್ಷ ನೋಡಿದ್ದು ಅದನ್ನೇ. ದರ್ಜಿ ಟೇಪ್ ಬಿಟ್ಟು ಮನೆಯಿಂದ ಮಗಳ ಅಂಗಿ ತಂದು, ಅದನ್ನಿಟ್ಟು ಊರಿಗೆಲ್ಲ ಹೊಲಿದ ಹಾಗೆ ಮಾಡಿದ್ದೇನೆ. ಯಾರಿಗೂ ಕೂರಲ್ಲ. ಅವಳೊಬ್ಬಳಿಗೆ ಕೂರುತ್ತೆ.

ಕಲ್ಲು ಈಗ ಮುಟ್ಟುವ ಹಾಗಿಲ್ಲ, ಸುತ್ತು ನಡೆಯುತ್ತಿದೆ. ಕೊನೆ ಗುಂಪು ಎಂಟನೇ ಬ್ರೌನಿನಲ್ಲಿ ಗೋಣಿ ಎಳೆಯುತ್ತಿದೆ. ರಶ್ಮಿತಾ ಒಂದು ಹೊಡೆತ ಮುಂದೆ ಅಂತೆ. ಬಂದೇಬಿಟ್ಟರು, ಬರೆಯೋಕೆ ಆಗ—

ಸಂಜೆ ಏಳು

ನಡೆದದ್ದು ಬರೆದಿಡಬೇಕು.

ಅವಳೇ ಮೊದಲು ಹೊಡೆಯಬೇಕಿತ್ತು. ಕಲ್ಲಿನ ಹಿಂದೆ ನಿಂತಳು. ನಾಲೆ ನೋಡಿದಳು, ಬಾವುಟ ನೋಡಿದಳು. ದೂರ ಹೊಡೆಯುವ ದೊಡ್ಡ ಕೋಲು ಕೈಯಲ್ಲಿತ್ತು. ಜನ ಉಸಿರು ಹಿಡಿದಿದ್ದರು. ಯಾರೂ ಮಂಡಕ್ಕಿಗೆ ಹೋಗಿರಲಿಲ್ಲ, ಯಾರೂ ಕಾರು ಹತ್ತಿರಲಿಲ್ಲ. ನಾನು ಬಯಸಿದ್ದು ಇದನ್ನೇ.

ಆಮೇಲೆ ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು. ಜೋರಾಗಿ ಏನಲ್ಲ. "ಅಪ್ಪಾಜಿ, ಇದು ನನ್ನ ಅಳತೆ."

ದೊಡ್ಡ ಕೋಲು ಬ್ಯಾಗಿಗೆ ಹಾಕಿದಳು. ಸಣ್ಣದು ತೆಗೆದು ಬಲಕ್ಕೆ, ಸೇತುವೆ ಕಡೆ ಹೊಡೆದಳು. ಜನ ಹೋ ಅಂದರು, ಬೇಜಾರಿನ ಹೋ. ಹನುಮೇಶ್ ಬಂದ. ಅವನಿಗೆ ಅದು ನೀರೇ ಅಲ್ಲ. ಬಾಲ್ ಆಚೆ ದಡದ ಮೇಲೆ ಇನ್ನೂ ಎತ್ತರದಲ್ಲಿ ಇತ್ತು. ಅವನದು ಮೂರು. ಇವಳದು ಐದು. ಮುಂದಿದ್ದದ್ದೂ ಹೋಗಿ ಒಂದು ಹೊಡೆತದಲ್ಲಿ ಸೋತಳು.

ಹನುಮೇಶ್ ಬಂದು ನನ್ನ ಕಾಲು ಮುಟ್ಟಿದ. ಒಳ್ಳೆ ಹುಡುಗ, ಅವನದು ಏನೂ ತಪ್ಪಿಲ್ಲ. ಮಲ್ಲೇಶಪ್ಪನವರು ಶಾಲು ಹೊದಿಸಿದರು. ಇಂಥ ಟೂರ್ನಮೆಂಟ್ ಈ ಸೀಮೆಯಲ್ಲೇ ಆಗಿಲ್ಲ ಅಂದರು. ಚಪ್ಪಾಳೆ. ಶಾಲು ಕೊಡವಿ ಬೀಳಿಸುವ ಹಾಗಿರಲಿಲ್ಲ.

ಮನೆಗೆ ಬಂದರೆ ಮಗಳ ಕೋಣೆ ಬಾಗಿಲು ಹಾಕಿತ್ತು. ರೂಪಶ್ರೀ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. "ಹೆತ್ತ ಮಗಳು ಎಷ್ಟು ದೂರ ಹೋಗ್ತಾಳೆ ಅಂತ ಅಳ್ದು, ಅಲ್ಲಿಗೆ ಸರಿಯಾಗಿ ನೀರಿಟ್ರಲ್ರಿ."

ಬೇಕಂತ ಮಾಡಲಿಲ್ಲ. ಅದೇ ಸಂಕಟ. ಬೇಕಂತ ಮಾಡಿದ್ದರೆ ತಪ್ಪಾಯಿತು ಅಂತ ಕೇಳಬಹುದಿತ್ತು.

ಫೆಬ್ರವರಿ 15, ಭಾನುವಾರ. ಶಿವರಾತ್ರಿ

ಉಪವಾಸ. ಮಾತಿನದೂ ಉಪವಾಸ, ಒಂದು ವಾರದಿಂದ. ರಶ್ಮಿತಾ ಪೂಜೆಗೆ ಬಿಲ್ವಪತ್ರೆ ತಟ್ಟೆ ಕೊಟ್ಟಳು, ಮುಖ ನೋಡಲಿಲ್ಲ. ಬೆಳಿಗ್ಗೆ ಗುತ್ತೂರಿಗೆ ಹೋಗುತ್ತಿಲ್ಲ. ಸ್ಕೂಟರ್ ಧೂಳು ಹಿಡಿದಿದೆ.

ಕ್ಲಬ್ಬಿನವರು ಒಂಬತ್ತನೇದನ್ನು ಹಾಗೇ ಬಿಡಬೇಕು ಅಂತ ಠರಾವು ಮಾಡಿದ್ದಾರಂತೆ. ನಾನು ಹೋಗಲಿಲ್ಲ.

ಫೆಬ್ರವರಿ 18, ಬುಧವಾರ. ಬೆಳಿಗ್ಗೆ

ಠರಾವು ಗಿರಾವು ನೋಡಲ್ಲ ಅಂತ ಆಟೋ ಹಿಡಿದು ಒಬ್ಬನೇ ಬಂದೆ. ಟೀ ಕಲ್ಲು ಕಿತ್ತು ಹಿಂದಕ್ಕೆ ಒಯ್ಯೋಣ, ಪೈಪ್ ನಡುವಿಗೆ ಹಾಕಿ ಮತ್ತೆ ಸಿಮೆಂಟ್ ಸುರಿಯೋಣ ಅಂತ. ಒಂದು ಕಲ್ಲು ಎಬ್ಬಿಸುತ್ತಿದ್ದೆ. ಹಿಂದೆ ಸ್ಕೂಟರ್ ನಿಂತ ಸದ್ದು. ರಶ್ಮಿತಾ, ಹೆಗಲಿಗೆ ಬ್ಯಾಗು. ಅವರಮ್ಮನೇ ಕಳಿಸಿರಬೇಕು, ಹಾರೆ ತಗೊಂಡು ಹೋಗಿದ್ದನ್ನು ನೋಡಿದ್ದಳು.

"ತೆಗೀಬ್ಯಾಡ್ರಿ" ಅಂದಳು.

ಇದು ನಿನಗೊಬ್ಬಳಿಗೆ ಮಾಡಿದ ಗುಂಡಿ ಆಗಿ ಹೋಯಿತು ಕಣಮ್ಮಾ, ನನಗೆ ಅವತ್ತು ಮಧ್ಯಾಹ್ನದ ತನಕ ತಿಳೀಲೇ ಇಲ್ಲ ಅಂದೆ. ಅವಳು ಕಲ್ಲನ್ನು ಕಾಲಲ್ಲಿ ಒತ್ತಿ ಮೊದಲಿನ ಜಾಗಕ್ಕೇ ಕೂರಿಸಿದಳು.

"ಹೆದರಿ ಬಲಕ್ಕೆ ಹೊಡೀಲಿಲ್ಲ ಅಪ್ಪಾಜಿ. ಸಿಟ್ಟು ಬಂತು. ನನ್ನ ತಾಕತ್ತು ಇಷ್ಟೇ ಅಂತ ನೀವು ಮೊದ್ಲೇ ಗೂಟ ಹೊಡ್ದಿಟ್ಟೀರಿ ಅಂತ. ಸಿಟ್ಟಿನಾಗೆ ಆಡಿದ್ದಕ್ಕೆ ಸೋತೆ, ನೀರಿಗಲ್ಲ."

ಗೂಟ ಬೇಕಂತ ಹೊಡೆದದ್ದಲ್ಲ ಅಂತ ಮತ್ತೆ ಶುರು ಮಾಡಿದೆ. ಕೈ ಅಡ್ಡ ಹಿಡಿದಳು.

"ಗೊತ್ತಾತು ಬಿಡ್ರಿ. ಇಷ್ಟು ವರ್ಷದಾಗೆ ನೀವು ಬ್ಯಾರೆ ಯಾರ ಆಟನೂ ನೋಡೇ ಇಲ್ಲ."

ಹಾರೆ ಕೆಳಗಿಟ್ಟೆ.

ಈಗ ಹೊಡೀತೀನಿ ಅಂದಳು. ಆದರೆ ನೀವು ನೋಡಬ್ಯಾಡ್ರಿ, ಆ ಕಡೆ ಮುಖ ಮಾಡಿ ಕೂಡ್ರಿ ಅಂತ. ಕೂತಿದ್ದೇನೆ. ಬೇವಿನ ಮರಕ್ಕೆ ಮುಖ ಮಾಡಿ, ತೊಡೆ ಮೇಲೆ ಡೈರಿ ಇಟ್ಟುಕೊಂಡು. ಕೈಗೆ ಏನಾದರೂ ಕೆಲಸ ಬೇಕಲ್ಲ. ಇಲ್ಲದಿದ್ದರೆ ತಿರುಗಿಬಿಡುತ್ತೇನೆ.

ಸದ್ದು ಬಂತು. ಒಳ್ಳೆ ಸದ್ದು.

ನೀರಿಗೆ ಬಿತ್ತಾ ಅಂತ ಕಿವಿ ಕೊಟ್ಟೆ. ಕಿವಿಗೂ ಅಳೆಯುವ ಚಟ ಹತ್ತಿದೆ. ಪಕ್ಕದ ಗದ್ದೆಯಲ್ಲಿ ಟ್ರ್ಯಾಕ್ಟರ್, ಏನೂ ಕೇಳಿಸಲಿಲ್ಲ. ಇನ್ನೊಂದು ಬಾಲ್ ಇಡುತ್ತಿದ್ದಾಳೆ ಅನ್ನಿಸುತ್ತೆ. ಇಲ್ಲ, ನಡೆದು ಬರುತ್ತಿದ್ದಾಳೆ, ನನ್ನ ಕಡೆಗೇ. ತಿರುಗಲ್ಲ. ಎಷ್ಟು ದೂರ ಹೋಯಿತು ಅಂತ ಈ ಸಲ ಅವಳೇ ಹೇಳಲಿ.